ಬೀಗ ಹಾಕಿದ ಕೋಣೆಯ ಅಮಲು

"ನನ್ನ ಗಂಡನಿಗೆ ಯಾರೋ ಗೊತ್ತಾಗದ ಹಾಗೆ ಕುಡಿಸ್ತಿದಾರೆ. ಯಾರು ಅಂತ ನೀವೇ ಹಿಡಿದು ಕೊಡಬೇಕಮ್ಮ," ಎಂದಳು ಬಾಗಿಲಲ್ಲಿ ನಿಂತ ಹೆಂಗಸು.

ನಾದಿನಿ ಮೂಗು ಮುರಿದಳು. ಬಂದರಿನ ಕೆಲಸಗಾರರ ವಸತಿ ಕಟ್ಟಡದ ಮೇಲಿನ ಮಹಡಿಗೆ ಅವಳೂ ಅವಳ ಅತ್ತಿಗೆಯೂ ಬಂದು ನೆಲೆಸಿದಾಗಿನಿಂದ ದೂರುಗಳಿಗೇನೂ ಬರವಿರಲಿಲ್ಲ. ಅತ್ತಿಗೆ ಪೊಲೀಸ್ ಇನ್ಸ್‌ಪೆಕ್ಟರಾಗಿ ನಿವೃತ್ತಳಾದವಳು. ಕಾಣೆಯಾದ ಸೈಕಲ್ಲಿನಿಂದ ಹಿಡಿದು ಕಾಣೆಯಾದ ಅಳಿಯನವರೆಗೆ ಎಲ್ಲವೂ ಅವಳ ಪಾಲಿಗೇ ಬರುತ್ತಿತ್ತು. ಆದರೆ ಕುಡುಕ ಗಂಡನಿಗೆ ಬೇರೆ ಯಾರೋ ಕುಡಿಸುತ್ತಾರೆ ಎಂದರೆ ನಂಬಲು ನಾದಿನಿಯೇನು ನಿನ್ನೆ ಮೊನ್ನೆ ಹುಟ್ಟಿದವಳಲ್ಲ.

ಅತ್ತಿಗೆ ಕುರ್ಚಿ ಎಳೆದು ಕೊಟ್ಟಳು. ಹೆಂಗಸು ಕೂತು ಎಲ್ಲವನ್ನೂ ಹೇಳಿದಳು. ಅವಳ ಗಂಡ ಹಡಗಿನಿಂದ ಪೆಟ್ಟಿಗೆ ಇಳಿಸುವ ದೊಡ್ಡ ಕ್ರೇನಿನ ಚಾಲಕ, ಯಾರ್ಡಿಗೆಲ್ಲ ಕ್ರೇನಣ್ಣ. ಮೇಲೆ ಹತ್ತುವ ಮೊದಲು ಚಾಲಕರೆಲ್ಲ ಉಸಿರಿನ ಯಂತ್ರಕ್ಕೆ ಊದಲೇಬೇಕು. ಈಚೆಗೆ ಕ್ರೇನಣ್ಣ ಊದಿದಾಗಲೆಲ್ಲ ಅದು ಕೂಗುತ್ತಿತ್ತು. ನಾಳೆ ಸಂಜೆಯೊಳಗೆ ಅವನು ಕುಡಿದದ್ದು ನಿಜವೆಂದು ಬರೆದ ಕಾಗದಕ್ಕೆ ಸಹಿ ಹಾಕಬೇಕು. ಹಾಕಿದರೆ ಯಾರ್ಡು ಗುಡಿಸುವ ಕೆಲಸ, ಇಲ್ಲವಾದರೆ ಕೆಲಸವೂ ಇಲ್ಲ, ಮನೆಯೂ ಇಲ್ಲ.

"ಸಹಿ ಹಾಕಿಬಿಟ್ರೆ ಸೂರಾದ್ರೂ ಉಳಿಯುತ್ತಲ್ಲ," ಎಂದಳು ನಾದಿನಿ.

"ಅವರು ಹಾಕಲ್ಲ ಅಂದ್ರು. ಹಾಕಬೇಡಿ ಅಂತ ನಾನೂ ಅಂದೆ." ಹೆಂಗಸಿನ ಕಣ್ಣು ಕೆಂಪಾಗಿತ್ತು, ದನಿ ಮಾತ್ರ ಅಲುಗಲಿಲ್ಲ. "ನಮ್ಮಪ್ಪ ಕುಡಿದು ಕುಡಿದೇ ಸತ್ತ. ಕುಡುಕರು ಹೇಳೋ ಸುಳ್ಳನ್ನೆಲ್ಲ ಕೇಳ್ಕೊಂಡೇ ಬೆಳೆದವಳು ನಾನು. ಇವರು ಹೇಳ್ತಿರೋದು ಸುಳ್ಳಲ್ಲ."

ಅತ್ತಿಗೆ ಚಪ್ಪಲಿ ಮೆಟ್ಟಿದಳು.

ಕ್ರೇನಣ್ಣ ಮಂಚದ ಮೇಲೆ ಕೂತಿದ್ದ. ಪಕ್ಕದಲ್ಲಿ ದೊಡ್ಡ ನೀರಿನ ಚೆಂಬು, ಪಾದಕ್ಕೆ ಬಟ್ಟೆಯ ಪಟ್ಟಿ. ಹತ್ತಿರ ಹೋದರೆ ವಾಸನೆಯೂ ಬಂತು. ಇನ್ನು ಪತ್ತೆ ಮಾಡುವುದಕ್ಕೆ ಏನು ಮಣ್ಣಿದೆ ಎಂದು ನಾದಿನಿ ಒಳಗೊಳಗೇ ಸಿಡಿಮಿಡಿಗೊಂಡಳು.

"ವಾಸನೆ ಬರ್ತಿದೆ, ನನಗೂ ಗೊತ್ತು," ಎಂದ ಅವನು, ಕೇಳುವ ಮೊದಲೇ. "ತಲೆ ತಿರುಗುತ್ತೆ, ಅದೂ ಗೊತ್ತು. ಆದ್ರೆ ಒಂದು ತೊಟ್ಟು ಮುಟ್ಟಿಲ್ಲ. ಬೀದಿಗೆ ಹಾಕ್ತಾರಾ, ಹಾಕಲಿ. ಮಾಡದೇ ಇರೋದನ್ನ ಮಾಡ್ದೆ ಅಂತ ಬರ್ಕೊಡಲ್ಲ."

ಅತ್ತಿಗೆ ಕೇಳಿದ್ದು ಕುಡಿತದ ವಿಷಯವನ್ನಲ್ಲ, ಕಾಲಿನ ವಿಷಯವನ್ನು. ಸರಪಳಿ ತರಚಿದ ಗಾಯವಂತೆ, ತಿಂಗಳುಗಟ್ಟಲೆ ಆದರೂ ಮಾಯುತ್ತಿಲ್ಲವಂತೆ. ಡಾಕ್ಟರ ಬಳಿ ಹೋಗದೆ ಔಷಧಿ ಅಂಗಡಿಯಲ್ಲೇ ಕೀವಿನ ಮಾತ್ರೆ ತರಿಸಿ ತರಿಸಿ ನುಂಗಿದ್ದಾನಂತೆ. ಅಷ್ಟು ಹೇಳುವುದರೊಳಗೆ ಅವನು ಚೆಂಬು ಬರಿದು ಮಾಡಿ, ಇನ್ನೊಂದು ತರಲು ಹೆಂಡತಿಗೆ ಸನ್ನೆ ಮಾಡಿದ.

ಕೈ ತೊಳೆಯಲೆಂದು ಹೋದ ನಾದಿನಿಗೆ ಮೈಯೆಲ್ಲ ಉರಿಯಿತು. ಬಚ್ಚಲ ಮೂಲೆಯ ಶೌಚದ ಗುಂಡಿಯ ಸುತ್ತ ಇರುವೆಗಳು ಮುತ್ತಿಕೊಂಡಿದ್ದವು. ಎದುರಿಗೇ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಬಾಯಿ ತೆರೆದು ಕೂತಿದ್ದರೂ ಅತ್ತ ಒಂದೂ ಸುಳಿದಿರಲಿಲ್ಲ. ಇದೆಂಥ ಶುಚಿ ಎಂದು ಅವಳು ಗದರಿದರೆ, ದಿನಾ ಉಜ್ಜಿ ತೊಳೆದರೂ ಬರುತ್ತವೆ ಎಂದು ಹೆಂಡತಿ ತಲೆ ತಗ್ಗಿಸಿದಳು. ಅತ್ತಿಗೆ ಬಂದು ಆ ಇರುವೆಗಳನ್ನು ಬಗ್ಗಿ ನೋಡಿದ್ದನ್ನು ಕಂಡು ನಾದಿನಿಗೆ ನಗು ಬಂತು.

ಯಾರ್ಡಿನಲ್ಲಿ ಸೂಪರ್‌ವೈಸರು ವಿಶ್ರಾಂತಿ ಕೋಣೆ ತೋರಿಸಿದ. ಒಂದೇ ಬಾಗಿಲು, ಕಿಟಕಿಗೆ ಜಾಲರಿ. ಹೋದ ಸಲ ಬೆಳಿಗ್ಗೆ ಯಂತ್ರ ಕೂಗಿದ ಮೇಲೆ ಕ್ರೇನಣ್ಣನ ಜೇಬು ತಡವಿ, ಇದರೊಳಗೆ ಕೂರಿಸಿ, ತಾನೇ ಬೀಗ ಹಾಕಿದ್ದನಂತೆ. ಮಧ್ಯಾಹ್ನ ಮತ್ತೆ ಊದಿಸಿದರೆ ಅಮಲು ಇಳಿದಿರಲಿಲ್ಲ, ಏರಿತ್ತು.

"ಬೀಗದೊಳಗೇ ಕುಡಿದಿದಾನೆ. ಬಾಟ್ಲಿ ಎಲ್ಲಿ ಮಾಯವಾಯ್ತೋ ದೇವರಿಗೇ ಗೊತ್ತು," ಎಂದು ಸೂಪರ್‌ವೈಸರು ತಲೆ ಕೆರೆದುಕೊಂಡ.

"ಒಳಗೆ ಏನೂ ಹೋಗಲಿಲ್ಲವಾ?" ಎಂದಳು ಅತ್ತಿಗೆ.

ಹೋಗಿತ್ತು. ಅಲ್ಲೇ ಪಕ್ಕದಲ್ಲಿ ನಿಂತಿದ್ದ ಬದಲಿ ಚಾಲಕ ಒಂದು ಜಗ್ಗು ನಿಂಬೆ ಶರಬತ್ತು ಕೊಟ್ಟಿದ್ದ. ಅದು ಯಾರ್ಡಿನ ವಾಡಿಕೆ. ಯಾರಿಗೆ ಯಂತ್ರ ಕೂಗಿದರೂ ಸಕ್ಕರೆ ಸುರಿದ ಗಟ್ಟಿ ಶರಬತ್ತು ಕುಡಿಸಿ ಅಮಲು ಇಳಿಸುತ್ತಾರೆ. ನಾದಿನಿಯ ಕಿವಿ ನೆಟ್ಟಗಾಯಿತು. ಕ್ರೇನಣ್ಣ ಹೋದರೆ ಕ್ರೇನು ಈ ಬದಲಿಯವನಿಗೇ ತಾನೆ? ಅವನು ಮುಖ ಎತ್ತಿ ಮಾತಾಡದೆ ಇದ್ದದ್ದೂ ಅವಳ ಅನುಮಾನಕ್ಕೆ ಸಾಕಾಯಿತು. ಕಳ್ಳ ಸಿಕ್ಕ ಎಂದು ಅವಳು ಕಣ್ಣಲ್ಲೇ ಹೇಳಿದಳು. ಅತ್ತಿಗೆ ಅದನ್ನು ಕಾಣದವಳಂತೆ ಬಂದರಿನ ದವಾಖಾನೆಯ ಡಾಕ್ಟರಮ್ಮನನ್ನು ನೋಡಲು ಹೊರಟಳು.

ಮರುದಿನ ಬೆಳಿಗ್ಗೆ ಅದೇ ಕೋಣೆಯಲ್ಲಿ ಎಲ್ಲರೂ ಸೇರಿದರು. ಸೂಪರ್‌ವೈಸರು ಕಾಗದ ತಂದಿದ್ದ. ಡಾಕ್ಟರಮ್ಮ ಕ್ರೇನಣ್ಣನ ಬೆರಳು ಚುಚ್ಚಿ ನೋಡಿ, ಹುಬ್ಬು ಗಂಟಿಕ್ಕಿ, ಶರಬತ್ತು ಅರ್ಧ ಲೋಟಕ್ಕಿಂತ ಹೆಚ್ಚು ಕೂಡದು, ತಾನು ಪಕ್ಕ ಬಿಟ್ಟು ಕದಲುವುದಿಲ್ಲ ಎಂದು ಅತ್ತಿಗೆಗೆ ಖಡಾಖಂಡಿತವಾಗಿ ಹೇಳಿದಳು. ಬದಲಿ ಚಾಲಕ ಎಲ್ಲರ ಕಣ್ಣೆದುರಿಗೇ ಶರಬತ್ತು ಬೆರೆಸಿದ. ಒಂದೇ ಜಗ್ಗಿನಿಂದ ಅವನೂ ನಾದಿನಿಯೂ ಕ್ರೇನಣ್ಣನೂ ಕುಡಿದು, ಬಾಯಿ ಮುಕ್ಕಳಿಸಿ, ಯಂತ್ರಕ್ಕೆ ಊದಿದರು. ಕ್ರೇನಣ್ಣನದು ಸ್ವಲ್ಪ, ಉಳಿದಿಬ್ಬರದು ಸೊನ್ನೆ. ಎಲ್ಲರೂ ಒಳಗಿರುವಾಗಲೇ ಬಾಗಿಲಿಗೆ ಬೀಗ ಬಿತ್ತು.

ನಾದಿನಿ ಮೈಯೆಲ್ಲ ಕಣ್ಣಾಗಿ ಕಾದಳು. ಅವನು ಕೆಮ್ಮಿದರೂ ಬಗ್ಗಿ ನೋಡಿದಳು. ಹೊತ್ತು ಏರಿದ ಹಾಗೆ ಕ್ರೇನಣ್ಣನ ಕಣ್ಣೆವೆ ಭಾರವಾಯಿತು, ಮಾತು ತೊದಲಿತು. ತನ್ನ ಎದುರಿಗೇ, ಬೇರೆ ಏನನ್ನೂ ಮುಟ್ಟದೆ, ಒಬ್ಬ ಮನುಷ್ಯ ಅಮಲೇರಿ ಕೂತಿದ್ದ.

ಮಧ್ಯಾಹ್ನ ಮೂವರೂ ಮತ್ತೆ ಊದಿದರು. ಅವಳದು ಸೊನ್ನೆ, ಬದಲಿಯವನದು ಸೊನ್ನೆ. ಕ್ರೇನಣ್ಣನ ಸರದಿ ಬಂದಾಗ ಯಂತ್ರ ಕಿವಿ ಹರಿಯುವಂತೆ ಕೂಗಿತು. ಡಾಕ್ಟರಮ್ಮ ರಕ್ತವನ್ನೂ ತೆಗೆದು ಪರೀಕ್ಷೆಗೆ ಓಡಿಸಿದಳು. ಅದೂ ಮದ್ಯವೇ ಎಂದಿತು.

"ಯಂತ್ರ ಸುಳ್ಳು ಹೇಳಿಲ್ಲ," ಎಂದಳು ಅತ್ತಿಗೆ. "ಇವನೂ ಸುಳ್ಳು ಹೇಳಿಲ್ಲ. ಭಟ್ಟಿ ಇರೋದು ಇವನ ಹೊಟ್ಟೆಯೊಳಗೆ."

ಅವಳು ಒಂದೊಂದಾಗಿ ಬಿಡಿಸಿದಳು. ಇರುವೆಗಳು ಸಕ್ಕರೆ ಡಬ್ಬಿಯನ್ನೂ ಬಿಟ್ಟು ಶೌಚಕ್ಕೆ ಮುತ್ತಿದ್ದವು ಎಂದರೆ ಸಕ್ಕರೆ ಅವನ ಮೂತ್ರದಲ್ಲಿತ್ತು. ಆರದ ಬಾಯಾರಿಕೆ, ಮಾಯದ ಗಾಯ, ಎಲ್ಲವೂ ಒಂದೇ ಕಡೆಗೆ ಬೆರಳು ತೋರಿಸಿದವು: ಯಾರಿಗೂ ಗೊತ್ತಿಲ್ಲದ ಸಕ್ಕರೆ ಕಾಯಿಲೆ. ಹಿಂದೆ ಅವಳು ನೋಡಿದ್ದ ಒಂದು ಕೇಸಿನಲ್ಲಿ ಸಕ್ಕರೆ ಕಾಯಿಲೆಯವನ ಮೂತ್ರ ಬಾಟಲಿಯಲ್ಲೇ ಹುಳಿತು ಮದ್ಯವಾಗಿತ್ತು. ಬಾಟಲಿಯಲ್ಲಿ ಆಗುವುದು ಹೊಟ್ಟೆಯಲ್ಲಿ ಯಾಕಾಗಬಾರದು ಎಂದು ಡಾಕ್ಟರಮ್ಮನನ್ನು ಕೇಳಿದ್ದಳು. ಅಪರೂಪ, ಆದರೆ ಆಗುತ್ತದೆ ಎಂದು ಡಾಕ್ಟರಮ್ಮ ಈಗಲೂ ತಲೆದೂಗಿದಳು. ಕೀವಿನ ಮಾತ್ರೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದಿತ್ತು; ಆ ಜಾಗದಲ್ಲಿ ಹಿಟ್ಟು ಉಬ್ಬಿಸುವ ಯೀಸ್ಟಿನ ಜಾತಿಯವು ಬೀಡುಬಿಟ್ಟಿದ್ದವು. ಸಕ್ಕರೆ ಕಾಯಿಲೆಯ ಮೈ ಅವಕ್ಕೆ ಹೇಳಿ ಮಾಡಿಸಿದ ಜಾಗ. ತಿಂದ ಹಿಟ್ಟು, ಸಕ್ಕರೆಯನ್ನೆಲ್ಲ ಅವು ಮದ್ಯ ಮಾಡುತ್ತಿದ್ದವು.

"ಹಾಗಾದ್ರೆ ಹೋದ ಸಲ ಏರಿದ್ದು..." ಎಂದು ಸೂಪರ್‌ವೈಸರು ತಡವರಿಸಿದ.

"ನೀವೆಲ್ಲ ಸೇರಿ ಏರಿಸಿದ್ದು. ಅಮಲು ಇಳಿಸ್ತೀವಿ ಅಂತ ಒಂದು ಜಗ್ಗು ಸಕ್ಕರೆ ಸುರಿದ್ರಲ್ಲ, ಭಟ್ಟಿಗೆ."

ಬದಲಿ ಚಾಲಕನ ಕಣ್ಣಲ್ಲಿ ನೀರು ತುಂಬಿತು. ಒಳ್ಳೆಯದಾಗಲೆಂದೇ ಕೊಟ್ಟೆ, ಇನ್ನೊಂದು ಹಿಡಿ ಸಕ್ಕರೆ ಹೆಚ್ಚೇ ಹಾಕಿದೆ ಎಂದ. ನಾದಿನಿ ಅವನ ಮುಖ ನೋಡಲಾರದೆ ಜಗ್ಗಿನ ಕಡೆ ತಿರುಗಿದಳು.

ಸಕ್ಕರೆ ಹತೋಟಿಗೆ ಬಂದು, ಯೀಸ್ಟು ಸಾಯುವ ಔಷಧಿ ಮುಗಿದು, ಯಂತ್ರ ಸುಮ್ಮನಾಗುವವರೆಗೆ ಕ್ರೇನು ಹತ್ತಕೂಡದು ಎಂದಳು ಡಾಕ್ಟರಮ್ಮ. ಕ್ರೇನಣ್ಣ ಒಪ್ಪಿದ. ಕೆಳಗೆ ಓಡಾಡುವವರೆಲ್ಲ ತನ್ನವರೇ ಎಂದ. ಸೂಪರ್‌ವೈಸರು ನಿಟ್ಟುಸಿರುಬಿಟ್ಟು, ಕಾಯಿಲೆಯ ರಜೆ ಬರೆದುಬಿಡುತ್ತೇನೆ, ಆದದ್ದನ್ನು ಎಲ್ಲರೂ ಮರೆತುಬಿಡೋಣ ಎಂದು ಕಾಗದ ಮಡಚಲು ಹೋದ.

"ಮಡಚಬೇಡಿ," ಎಂದ ಕ್ರೇನಣ್ಣ.

ಗೋಡೆ ಹಿಡಿದು ಎದ್ದ. ಕಾಲು ತೂರಾಡುತ್ತಿತ್ತು; ಹೆಂಡತಿ ಬಂದು ಹೆಗಲು ಕೊಟ್ಟಳು. ಅವನು ಕಾಗದ ಬಿಡಿಸಿ, ಬರಹವಿಲ್ಲದ ಮಗ್ಗುಲನ್ನು ಮೇಲೆ ಮಾಡಿ, ಮೇಜಿನ ಮೇಲೆ ಇಟ್ಟ.

"ನಾನು ಕುಡ್ದಿರಲಿಲ್ಲ ಅಂತ ಬರೀರಿ. ಇಷ್ಟು ದಿನ ನನ್ನ ಸಹಿ ಕೇಳಿದ್ರಲ್ಲ ಸಾರ್, ಈಗ ನಿಮ್ಮದು ಹಾಕಿ."

ಸೂಪರ್‌ವೈಸರು ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಕಿಟಕಿಯ ಜಾಲರಿ ನೋಡುತ್ತಿದ್ದಳು. ಅವನು ಜೇಬು ತಡವಿದ, ಪೆನ್ನು ಸಿಗಲಿಲ್ಲ. ನಾದಿನಿ ತನ್ನ ಚೀಲದಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಅವನ ಕೈಗೆ ಕೊಟ್ಟಳು.