ಅಮ್ಮ ಹೂತಿಟ್ಟ ಡಬ್ಬಿ

"ಇಲ್ಲೇ ಕಣೇ ಶಿಲ್ಪಾ, ಈ ಹೊಂಗೆ ಮರದ ಬುಡದಲ್ಲೇ," ಅಂದಳು ಅಮ್ಮ.

"ಇಲ್ಲ ಕಣೇ, ನಲ್ಲಿ ಪಕ್ಕ. ನಾನೇ ಅಲ್ವಾ ಮಣ್ಣು ಮುಚ್ಚಿದ್ದು?" ಅಂದರು ಅಮ್ಮನ ಗೆಳತಿ ಶಿಲ್ಪಶ್ರೀ ಆಂಟಿ.

ಶಾಲೆಯ ಹಿತ್ತಲಿನಲ್ಲಿ ಆಗಲೇ ಮೂರು ಗುಂಡಿ ಬಿದ್ದಿದ್ದವು. ನಲ್ಲಿಯಂತೂ ಎಲ್ಲೂ ಕಾಣಲಿಲ್ಲ. ಮಗಳು ತನ್ಮಯಿ ನೋಡುತ್ತಾ ನಿಂತಿದ್ದಳು.

ಜಯನಗರದ ಈ ಶಾಲೆಯಲ್ಲೇ ಅಮ್ಮನೂ ಓದಿದ್ದು. ಏಳನೇ ಕ್ಲಾಸು ಮುಗಿದ ದಿನ ಗೆಳತಿಯರು ಸೇರಿ ಒಂದು ಸ್ಟೀಲ್ ಡಬ್ಬಿ ಹೂತಿದ್ದರು. ದೊಡ್ಡವರಾದ ಮೇಲೆ ಒಟ್ಟಿಗೆ ಬಂದು ತೆಗೆಯೋಣ ಅಂತ ಮಾತಾಗಿತ್ತು. ಅದರೊಳಗೆ ಅಮ್ಮನ ಪೆನ್ನಿತ್ತು. ತಾತ ಫೋರ್ತ್ ಬ್ಲಾಕ್ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಕೊಡಿಸಿದ್ದು. ತಾತ ಈಗಿಲ್ಲ.

ತನ್ಮಯಿಗೂ ಆ ಡಬ್ಬಿ ಬೇಕೇ ಬೇಕಿತ್ತು. ಸೋಮವಾರ ಅವರ ಕ್ಲಾಸಿನಲ್ಲಿ ಊರ ಸಭೆಯ ನಾಟಕ. ಅವಳು ಸರ್ಕಾರದ ಆಫೀಸರ್, ಉಳಿದವರೆಲ್ಲ ಊರಿನವರು. ಅಣು ವಿದ್ಯುತ್ ಮಾಡಿದ ಮೇಲೆ ಉಳಿಯುವ ಕಸ ಸಾವಿರಾರು ವರ್ಷ ಅಪಾಯಕಾರಿ. ಅದನ್ನು ನಿಮ್ಮೂರಿನ ಬಂಡೆಯ ಆಳದಲ್ಲಿ ಹೂಳುತ್ತೇವೆ ಅಂತ ಅವಳು ಅವರನ್ನು ಒಪ್ಪಿಸಬೇಕು. ಮುಂದೆ ಯಾರಾದರೂ ಗೊತ್ತಿಲ್ಲದೆ ಅಗೆದರೆ ಏನು ಗತಿ ಅಂತ ಕೇಳಿದರೆ ಈ ಡಬ್ಬಿ ತೋರಿಸಿ, 'ನೋಡಿ, ಇಷ್ಟು ವರ್ಷವಾದರೂ ಹೂತ ಜಾಗ ನಮ್ಮಮ್ಮ ಮರೆತಿಲ್ಲ' ಅನ್ನೋಣ ಅಂತ ಲೆಕ್ಕ ಹಾಕಿದ್ದಳು.

ಮಧ್ಯಾಹ್ನವಾದರೂ ಡಬ್ಬಿ ಸಿಗಲಿಲ್ಲ. ಅಮ್ಮ, ಆಂಟಿ ಇಬ್ಬರೂ ಮಣ್ಣಿನ ಗುಡ್ಡೆ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. ಗೇಟಿನ ಹತ್ತಿರ ಮಾರುತ್ತಿದ್ದ ಉಪ್ಪು ಖಾರದ ನೆಲ್ಲಿಕಾಯಿ, ಪಿ.ಟಿ. ಸಾರ್ ಕಳಕೊಂಡ ವಿಷಲ್, ಮಳೆಗೆ ರಜಾ ಸಿಕ್ಕ ದಿನ, ಎಲ್ಲ ನೆನಪಿತ್ತು. ಜಾಗ ಮಾತ್ರ ನೆನಪಿರಲಿಲ್ಲ. ನಗುನಗುತ್ತಲೇ ಅಮ್ಮ ದುಪಟ್ಟಾದಲ್ಲಿ ಕಣ್ಣು ಒರೆಸಿಕೊಂಡಳು. ತನ್ಮಯಿಗೆ ಪಾಪ ಅನ್ನಿಸಿತು.

ಸೋಮವಾರ ಆಶ್ರಿತ್ ತಲೆಗೆ ಟವೆಲ್ ಸುತ್ತಿಕೊಂಡು ಊರ ಹಿರಿಯನ ಗತ್ತಿನಲ್ಲಿ ಎದ್ದು ನಿಂತ.

"ಮೇಡಂ, ಇಲ್ಲಿ ಏನು ಹೂತಿದೀರ ಅಂತ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಯಾರು ಹೇಳ್ತಾರೆ?"

'ದೊಡ್ಡ ಬೋರ್ಡ್ ಹಾಕ್ತೀವಿ' ಅನ್ನುವ ಉತ್ತರ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಆ ಮೂರು ಗುಂಡಿಗಳು ನೆನಪಾದವು.

"ಗೊತ್ತಿಲ್ಲ," ಅಂದಳು ತನ್ಮಯಿ. "ನಮ್ಮಮ್ಮ ಈ ಸ್ಕೂಲಲ್ಲೇ ಒಂದು ಡಬ್ಬಿ ಹೂತಿದ್ರು. ಮೂವತ್ತು ವರ್ಷ ಕೂಡ ಆಗಿಲ್ಲ, ಎಲ್ಲಿ ಅಂತ ಅವರಿಗೇ ಮರ್ತೋಗಿದೆ."

ಯಾರೂ ನಗಲಿಲ್ಲ. "ಒಪ್ಪೋರು ಕೈ ಎತ್ತಿ," ಅಂದರು ಜಯಾ ಮಿಸ್. ಒಂದು ಕೈಯೂ ಮೇಲೆ ಬರಲಿಲ್ಲ. ತನ್ಮಯಿಯ ಮುಖ ಸಣ್ಣಗಾಯಿತು.

"ಈಗ್ಲೇ ಹೂಂ ಅನ್ನಲ್ಲ," ಅಂದ ಆಶ್ರಿತ್, ಟವೆಲ್ ಸರಿಮಾಡಿಕೊಳ್ಳುತ್ತಾ. "ಆದ್ರೆ ನೀವು ಸುಳ್ಳು ಹೇಳ್ಲಿಲ್ಲ. ಇನ್ನೊಂದ್ಸಲ ಬನ್ನಿ ಮೇಡಂ, ಕೂತು ಮಾತಾಡೋಣ."

ಸಂಜೆ ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಳು. ತನ್ಮಯಿ ಹೋಗಿ ಪಕ್ಕದಲ್ಲಿ ಕೂತಳು.

"ಅಮ್ಮ, ಆ ಪೆನ್ನು ಹೇಗಿತ್ತು?"

ಅಮ್ಮ ಚಾಕು ಕೆಳಗಿಟ್ಟಳು. "ಕೆಂಪು ಪೆನ್ನು. ಕ್ಯಾಪ್ ಮಾತ್ರ ಗೋಲ್ಡ್ ಕಲರ್. ತಾತ ಅಂಗಡೀಲೇ ಅವರ ಅಂಗೈ ಮೇಲೆ ನನ್ನ ಹೆಸರು ಬರೆದು ನೋಡಿದ್ರು. ಮನೆಗೆ ಬಂದ್ಮೇಲೂ ಕೈ ತೊಳ್ಕೊಳ್ಳಲಿಲ್ಲ, ಅಜ್ಜಿ ಹತ್ರ ಬೈಸ್ಕೊಂಡ್ರು."

ಕುಕ್ಕರ್ ಕೂಗಿತು. ಏಳಲು ಹೋದ ಅಮ್ಮನ ಕೈಯನ್ನು ತನ್ಮಯಿ ಹಿಡಿದುಕೊಂಡಳು.

"ಈಗ ನಾನು ಹೇಳ್ತೀನಿ, ತಪ್ಪಿದ್ರೆ ನೀನು ಸರಿಮಾಡು," ಅಂದಳು. "ಕೆಂಪು ಪೆನ್ನು. ಕ್ಯಾಪ್ ಮಾತ್ರ ಗೋಲ್ಡ್ ಕಲರ್..."