ಅಪ್ಪನ ಡ್ರಿಲ್ಲು ಎಲ್ಲಿ ಹೋಯಿತು?

"ಅಮ್ಮಾ, ಸ್ಯಾಂಡರ್ ಕೂಡ ಇಲ್ಲ!"

ನಿಸರ್ಗಾ ಗರಾಜಿನಿಂದಲೇ ಕೂಗಿದಳು. ಅಡುಗೆಮನೆಯಲ್ಲಿ ಕೋಡುಬಳೆ ಕರಿಯುತ್ತಿದ್ದ ಅಮ್ಮನಿಗೆ ಎಣ್ಣೆಯ ಚೊರ್ ಸದ್ದಿನಲ್ಲಿ ಅದು ಕೇಳಿಸಲೇ ಇಲ್ಲ.

ಅಪ್ಪನಿಗೆ ಕೈಕೆಲಸ ಎಂದರೆ ಪ್ರಾಣ. ವಾರವೆಲ್ಲ ಆಫೀಸಿನಲ್ಲಿ ಕಂಪ್ಯೂಟರು ಕುಟ್ಟುತ್ತಿದ್ದ. ಶನಿವಾರ ಬಂತೆಂದರೆ ಗರಾಜು ಸೇರಿ ಮರ ಕೊಯ್ಯುತ್ತಿದ್ದ. ಅಲ್ಲಿಯ ಗೋಡೆಗೆ ದೊಡ್ಡ ಹಲಗೆ ಬಡಿದು, ಒಂದೊಂದು ಸಾಮಾನಿಗೂ ಒಂದೊಂದು ಮೊಳೆ ಹೊಡೆದು, ಸುತ್ತ ಪೆನ್ಸಿಲ್ಲಿನಿಂದ ಅದರ ಆಕಾರ ಬರೆದಿಟ್ಟಿದ್ದ.

ಈಗ ನೋಡಿದರೆ ಡ್ರಿಲ್ಲಿನ ಆಕಾರ ಇದೆ, ಡ್ರಿಲ್ಲು ಇಲ್ಲ. ಮರ ಉಜ್ಜಿ ನಯ ಮಾಡುವ ಸ್ಯಾಂಡರಿನ ಆಕಾರ ಇದೆ, ಸ್ಯಾಂಡರು ಇಲ್ಲ.

ಬರುವ ಶನಿವಾರ ಅಪ್ಪನ ಹುಟ್ಟುಹಬ್ಬ. ಅಮ್ಮ ಮತ್ತು ನಿಸರ್ಗಾ ಗುಟ್ಟಾಗಿ 'ಕಾರ್ಪೆಂಟರ್ ಪಾರ್ಟಿ'ಯ ಪ್ಲ್ಯಾನ್ ಹಾಕಿದ್ದರು. ಬಂದವರೆಲ್ಲ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳಬೇಕು. ಕೋಡುಬಳೆ ಎಂದರೆ ವಾಷರು, ಶಂಕರಪೋಳಿ ಎಂದರೆ ಮರದ ಚೂರು. ಟೇಬಲ್ಲಿನ ನಡುವೆ ಅಪ್ಪನ ನಿಜವಾದ ಟೂಲ್ಸ್ ಜೋಡಿಸಬೇಕು ಎನ್ನುವುದು ನಿಸರ್ಗಾಳ ಐಡಿಯಾ. ಆದರೆ ಟೂಲ್ಸೇ ಮಾಯ!

ಸಂಜೆ ಅವಳು ಬೀದಿಯಲ್ಲಿ ಸೈಕಲ್ ಹೊಡೆಯುತ್ತಿದ್ದಾಗ ಹರ್ಷ ಅಂಕಲ್ ಕಾರಿನ ಹಿಂಬದಿಯ ಟ್ರಂಕ್ ತೆಗೆದು ಗ್ರೋಸರಿ ಇಳಿಸುತ್ತಿದ್ದರು. ಅವರು ಅಪ್ಪನ ಗೆಳೆಯ, ಮನೆಯೂ ಅದೇ ಬೀದಿಯಲ್ಲಿ. ಟ್ರಂಕಿನ ಮೂಲೆಯಲ್ಲಿ ಹಳದಿ ಡ್ರಿಲ್ಲು ಕಂಡಿತು. ಹಿಡಿಯ ಮೇಲೆ ಅರ್ಧ ಕಿತ್ತ ಸ್ಟ್ರಾಬೆರಿ ಸ್ಟಿಕ್ಕರ್. ಅದನ್ನು ಅಂಟಿಸಿದ್ದವಳೇ ನಿಸರ್ಗಾ.

"ಅಂಕಲ್, ಅದು ಯಾರ್ದು?"

"ಯಾವ್ದು? ಓ... ಇದಾ? ಹೊಸದು. ಸೇಲ್ ಇತ್ತು." ಅಂಕಲ್ ಢಬ್ ಎಂದು ಟ್ರಂಕ್ ಮುಚ್ಚಿದರು.

ಹೊಸ ಡ್ರಿಲ್ಲಿಗೆ ಹಳೇ ಸ್ಟಿಕ್ಕರಾ? ನಿಸರ್ಗಾ ಸೈಕಲ್ ತಿರುಗಿಸಿ ಮನೆಗೆ ಧಾವಿಸಿದಳು.

"ಅಮ್ಮಾ, ಹರ್ಷ ಅಂಕಲ್‌ನ ಪಾರ್ಟಿಗೆ ಕರೀಬೇಡ."

"ಯಾಕೆ ಪುಟ್ಟಿ? ಶನಿವಾರ ಅಪ್ಪನ್ನ ಹೊರಗಡೆ ಸುತ್ತಿಸ್ಕೊಂಡು ಬರೋದು ಅವರೇ ತಾನೆ?"

"ಐ ಡೋಂಟ್ ಟ್ರಸ್ಟ್ ಹಿಮ್."

"ದೊಡ್ಡವರ ಬಗ್ಗೆ ಹಾಗೆಲ್ಲ ಅನ್ಬಾರ್ದು," ಎಂದು ಅಮ್ಮ ಗದರಿದಳು.

ಸಾಕ್ಷಿ ಬೇಕು, ಅಂದುಕೊಂಡಳು ನಿಸರ್ಗಾ. ಕಣ್ಣಿಟ್ಟು ಕಾದಳು.

ಶುಕ್ರವಾರ ಅಮ್ಮ ಪಾರ್ಟಿಯ ಸಾಮಾನು ತರಲು ಸಾಂಟಾ ಕ್ಲಾರಾದ ಇಂಡಿಯನ್ ಅಂಗಡಿಗೆ ಹೋದಳು. ಸ್ಕೂಲು ಬಿಟ್ಟು ಬಂದ ನಿಸರ್ಗಾ ಪಕ್ಕದ ಮನೆಯ ವಸುಧಾ ಆಂಟಿಯ ಹತ್ತಿರ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಕಿಟಕಿಯಲ್ಲಿ ನೋಡುತ್ತಾಳೆ, ಹರ್ಷ ಅಂಕಲ್‌ರ ಕಾರು ತಮ್ಮ ಗರಾಜಿನ ಮುಂದೆಯೇ ನಿಂತಿದೆ!

ಸಿಕ್ಕಿಬಿದ್ದ ಕಳ್ಳ! ನಿಸರ್ಗಾ ಪೆನ್ಸಿಲ್ ಬಿಸಾಕಿ ಒಂದೇ ಉಸಿರಿಗೆ ಓಡಿದಳು.

ಗರಾಜಿನಲ್ಲಿ ಅಪ್ಪ ನಿಂತಿದ್ದ. ಆಫೀಸಿನಲ್ಲಿರಬೇಕಾದ ಹೊತ್ತಿನಲ್ಲಿ. ತನ್ನ ಮೆಷಿನ್ ಗರಗಸವನ್ನು ತಾನೇ ಬಟ್ಟೆಯಿಂದ ಒರೆಸಿ ಅಂಕಲ್ ಕೈಗೆ ಕೊಡುತ್ತಿದ್ದ.

"ಅಪ್ಪಾ! ಅವರಿಗೆ ಯಾಕೆ ಕೊಡ್ತಿದೀಯಾ?"

ಇಬ್ಬರೂ ಬೆಚ್ಚಿಬಿದ್ದರು. ಅಪ್ಪ ನಿಧಾನವಾಗಿ ಸ್ಟೂಲಿನ ಮೇಲೆ ಕುಳಿತ.

"ಇಲ್ಲಿನ ಕರೆಂಟೇ ಬೇರೆ, ನಮ್ಮೂರ ಕರೆಂಟೇ ಬೇರೆ ಪುಟ್ಟಿ. ಇದನ್ನ ಅಲ್ಲಿ ಪ್ಲಗ್ಗಿಗೆ ಹಾಕಿದ್ರೆ ಸುಟ್ಟೋಗತ್ತೆ."

"ಅಲ್ಲಿ ಯಾಕೆ ಹಾಕ್ತೀ..." ನಿಸರ್ಗಾಳ ಮಾತು ಅರ್ಧಕ್ಕೇ ನಿಂತಿತು. "ನಾವು ಇಂಡಿಯಾಗೆ ಹೋಗ್ತೀವಾ?"

"ನಮ್ಮ ಕಂಪನಿ ಮುಚ್ಚೋಯ್ತು. ಎಲ್ಲೆಲ್ಲೋ ಕೇಳ್ದೆ, ಎಲ್ಲೂ ಕೆಲಸ ಇಲ್ಲ. ಕೆಲಸ ಇಲ್ದೆ ವೀಸಾ ಇಲ್ಲ. ಅಮ್ಮಂಗೆ ಪಾರ್ಟಿ ಆದ್ಮೇಲೆ ಹೇಳೋಣ ಅಂತಿದ್ದೆ."

"ಪಾರ್ಟಿ ನಿಂಗೆ ಗೊತ್ತಾ?"

"ಮನೆ ತುಂಬ ಕರಿದ ಎಣ್ಣೆ ವಾಸನೆ. ಒಂದು ಕೋಡುಬಳೆನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಗೊತ್ತಾಗ್ದೆ ಇರತ್ತಾ?"

ನಗು ಬಂತು, ಜೊತೆಗೆ ಅಳುವೂ ಬಂತು. ನಿಸರ್ಗಾ ಮೂಗು ಒರೆಸಿಕೊಂಡಳು.

"ಅಮ್ಮಂಗೆ ಇವತ್ತೇ ಹೇಳು ಅಪ್ಪಾ."

"ಪಾರ್ಟಿ ಕೆಟ್ಟೋಗತ್ತಲ್ಲ ಪುಟ್ಟಿ."

"ಕೆಟ್ರೆ ಕೆಡ್ಲಿ."

ಹರ್ಷ ಅಂಕಲ್ ತಲೆ ತಗ್ಗಿಸಿ ನಿಂತಿದ್ದರು. "ಸಾರಿ ನಿಸರ್ಗಾ. ಅವತ್ತು ನಿಂಗೆ ಸುಳ್ಳು ಹೇಳ್ದೆ."

"ನಾನು ನಿಮ್ಮನ್ನ..." ಎಂದಳು ನಿಸರ್ಗಾ. 'ಕಳ್ಳ' ಎಂಬ ಪದವನ್ನು ನುಂಗಿಕೊಂಡಳು. "ನಾಳೆ ನೀವು ಬರ್ಲೇಬೇಕು ಅಂಕಲ್."

ಆ ಸಂಜೆ ಅಪ್ಪ ಅಮ್ಮ ರೂಮಿನ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಮಾತಾಡಿದರು. ಒಲೆ ಹಚ್ಚುವವರೇ ಇರಲಿಲ್ಲ. ನಿಸರ್ಗಾ ಹಾಲಿಗೆ ಸೀರಿಯಲ್ ಹಾಕಿಕೊಂಡು ತಿಂದು ಮಲಗಿದಳು.

ಬೆಳಿಗ್ಗೆ ಎದ್ದಾಗ ಅಪ್ಪ ಹರ್ಷ ಅಂಕಲ್ ಜೊತೆ ಹೊರಟುಹೋಗಿದ್ದ. ಅಮ್ಮ ಟೇಬಲ್ ಒರೆಸುತ್ತಿದ್ದಳು. ಅವಳ ಕಣ್ಣುಗಳು ಊದಿಕೊಂಡಿದ್ದವು.

"ಪಾರ್ಟಿ ಇದೆಯಾ ಅಮ್ಮಾ?"

"ಇಲ್ದೆ ಏನು? ಅಷ್ಟು ಕರಿದಿದೀನಿ, ಯಾರು ತಿಂತಾರೆ?" ಅಮ್ಮ ದನಿ ತಗ್ಗಿಸಿದಳು. "ನೋಡು, ಅಪ್ಪಂಗೆ ಇದೊಂದು ಮಾತ್ರ ಗೊತ್ತಿಲ್ಲ. ಪಾಪ, ಮನಸ್ಸಿಗೆ ಬೇಜಾರು ಮಾಡ್ಕೊಂಡಿದಾನೆ. ಸ್ವಲ್ಪ ನಗ್ಲಿ. ನೀನು ಬಾಯಿ ಬಿಟ್ಟೀಯ ಮತ್ತೆ!"

ನಿಸರ್ಗಾ ಬಾಯಿ ತೆರೆದಳು. ಅಮ್ಮನ ಮುಖ ನೋಡಿ ಮತ್ತೆ ಮುಚ್ಚಿಕೊಂಡಳು.

ಮಧ್ಯಾಹ್ನ ಎಲ್ಲರೂ ದೀಪ ಆರಿಸಿ, ಪರದೆ ಎಳೆದು, ಸೋಫಾದ ಹಿಂದೆ ಕುಕ್ಕರಗಾಲಲ್ಲಿ ಕುಳಿತರು. ಹೊರಗೆ ಕಾರು ನಿಂತ ಸದ್ದಾಯಿತು. ಬಾಗಿಲು ತೆರೆಯಿತು.

"ಸರ್‌ಪ್ರೈಸ್!"

ಅಪ್ಪ ಹೌಹಾರಿ ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಇನ್ನೊಂದು ಕೈ ಎದೆಯ ಮೇಲಿಟ್ಟುಕೊಂಡು, "ಅಯ್ಯೋ ಹೇಮಾ, ಇದೇನೇ ಇದು! ನನ್ನ ಜೀವಾನೇ ಹೋಯ್ತಲ್ಲೇ!" ಎಂದ. ಅಮ್ಮ ಕೈ ತಟ್ಟಿ ನಕ್ಕಳು. ಹರ್ಷ ಅಂಕಲ್ ಸೀಲಿಂಗ್ ಫ್ಯಾನು ನೋಡುತ್ತ ನಿಂತರು.

ಅಮ್ಮ ಇನ್ನೂ ನಗುತ್ತಲೇ ಇದ್ದಳು. ನಿಸರ್ಗಾ ಅವಳನ್ನೊಮ್ಮೆ ನೋಡಿದಳು, ಅಪ್ಪನನ್ನೊಮ್ಮೆ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಕೇಳಿದಳು:

"ಅಪ್ಪಾ, ನಿಂಗೆ ಗೊತ್ತೇ ಇರ್ಲಿಲ್ಲ, ಅಲ್ವಾ?"