ಕಂಚಿನ ಕೊಳವೆ ಮತ್ತು ಸಾವಿರ ಮನೆಯ ಹೂಂ

ಬಹಳ ಹಿಂದೆ, ನಮ್ಮ ಮುತ್ತಜ್ಜಂದಿರಿಗೂ ದಾರಿ ಗೊತ್ತಿಲ್ಲದ ಕಡೆ, ಕಣಿವೆಕೋಟೆ ಅಂತ ಒಂದು ರಾಜ್ಯವಿತ್ತು. ಅಲ್ಲಿ ಹಾಡುವವನು ಒಬ್ಬನೇ, ಕತೆ ಹೇಳುವವನೂ ಅವನೊಬ್ಬನೇ: ಕರಿಬೆಟ್ಟದ ಗೋಪುರದಲ್ಲಿ ಕೂತಿದ್ದ ಮಾಂತ್ರಿಕ ಘೋರಕಂಠ. ಅವನ ಬಾಯಿಯ ಮುಂದಿನಿಂದ ಹೊರಟ ಕಂಚಿನ ಕೊಳವೆ ಬೆಟ್ಟ ಇಳಿದು, ಕವಲೊಡೆದು, ಸಾವಿರ ಮನೆಗಳ ಗೋಡೆಗೆ ಬಂದು ಸೇರಿತ್ತು. ದಿನಾ ಮಧ್ಯಾಹ್ನ ನಗಾರಿ ಬಡಿದ ಕೂಡಲೇ ಜನ ಕೊಳವೆಯ ಮುಂದೆ ಕೂತು ಅವನ ಕತೆ ಕೇಳಬೇಕು. ಕತೆಗೆ ಹೂಂಗುಟ್ಟುವುದು ಅಲ್ಲಿನವರಿಗೆ ಹುಟ್ಟಿನಿಂದ ಬಂದ ಚಾಳಿ. ಅದಕ್ಕೇ ಆ ಹೊತ್ತಿಗೆ ಎಲ್ಲರ ಬಾಯಿಗೂ ಬಟ್ಟೆ ಕಟ್ಟಿಸುತ್ತಿದ್ದ. ರಾಜನೂ ಇದ್ದ, ಪಾಪ. ಅವನೂ ಬಟ್ಟೆ ಕಟ್ಟಿಕೊಂಡೇ ಕೂರುತ್ತಿದ್ದ.

ಬೇರೆ ಯಾರಾದರೂ ಒಂದು ಸಾಲು ಗುನುಗಿದರೆ ಅವರ ಕತೆ ಮುಗಿದಂತೆಯೇ. ಬೂದಿ ಬಣ್ಣದ ಹಕ್ಕಿಯೊಂದು ಬಂದು, ಗಂಟಲಿಂದ ದನಿ ಕಿತ್ತು, ಗೋಪುರದ ಮಡಕೆಯಲ್ಲಿ ಹಾಕುತ್ತಿತ್ತು. ದನಿ ಹೋದವರು ಮೊದಲ ದಿನ ಮಂಡಿಯವರೆಗೆ ಕಲ್ಲಾಗುವರು, ಎರಡನೇ ದಿನ ಸೊಂಟದವರೆಗೆ, ಮೂರನೇ ದಿನ ಹೊತ್ತು ಮುಳುಗುವಾಗ ಪೂರ್ತಿ ಕಲ್ಲು.

ಆ ಊರಲ್ಲಿ ಹೊನ್ನಾಜಿ ಅಂತ ಕಂಚುಗಾರರ ಹುಡುಗಿ. ತಾಯಿ ಎಲ್ಲವ್ವ ತಿದಿ ಒತ್ತಿ ಕುಲುಮೆಗೆ ಗಾಳಿ ಹಾಕುವಳು, ಮಗಳು ಪಾತ್ರೆ ಬಡಿಯುವಳು. ಒಂದು ಬೆಳಗ್ಗೆ ಎಲ್ಲವ್ವ ಮೈಮರೆತು ಹಾಡಿಬಿಟ್ಟಳು. ಹಕ್ಕಿ ಬಂದೇಬಿಟ್ಟಿತು. ಹೊನ್ನಾಜಿ ನೋಡುತ್ತಿದ್ದ ಹಾಗೇ ತಾಯಿಯ ಕಾಲ್ಬೆರಳುಗಳಿಂದ ಮಂಡಿಯವರೆಗೆ ಬೂದು ಕಲ್ಲು ಏರಿತು. ಎಲ್ಲವ್ವ ಬಾಯಿ ತೆರೆದಳು, ಮಾತು ಬರಲಿಲ್ಲ. ಹೋಗಬೇಡ ಅಂತ ಮಗಳ ಸೆರಗು ಹಿಡಿದು ತಲೆಯಾಡಿಸಿದಳು.

"ಮೂರು ದಿನ ಇದೆಯಲ್ಲವ್ವ. ಬಂದುಬಿಡ್ತೀನಿ," ಅಂದಳು ಹೊನ್ನಾಜಿ. ಸುತ್ತಿಗೆ, ಚಾಕು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೊಳವೆಯ ಜಾಡು ಹಿಡಿದು ಬೆಟ್ಟ ಹತ್ತಿದಳು.

ಕೊಳವೆಯ ಮೊದಲ ಬೆಸುಗೆಯ ಹತ್ತಿರ ಮೊರದಗಲ ಕಿವಿಯ ಕತ್ತೆಕಿರುಬ ಕಾವಲಿತ್ತು. ಹೊನ್ನಾಜಿ ಕೊಳವೆಗೆ ಆತುಕೊಂಡು ಉಸಿರು ಬಿಗಿಹಿಡಿದಳು. ಅದು ಅವಳ ಕುತ್ತಿಗೆಯವರೆಗೂ ಬಂದು ಮೂಸಿತು. ಬಿಸಿ ಜೊಲ್ಲು ಹೆಗಲ ಮೇಲೆ ತೊಟ್ಟಿಕ್ಕಿತು. ಆಗ ನಗಾರಿ ಬಡಿಯಿತು, ಕತೆ ಶುರುವಾಯಿತು, ಪ್ರಾಣಿಯ ಕಿವಿ ಅತ್ತ ತಿರುಗಿತು. ಕೊಳವೆಗೆ ಕಿವಿಯೊತ್ತಿದ್ದ ಹೊನ್ನಾಜಿಗೆ ಮಾತ್ರ ಕೆಳಗಿಂದ ಇನ್ನೊಂದು ಸದ್ದು ಕೇಳಿಸಿತು: ಹೂಂ... ಹೂಂ... ಅಯ್ಯೋ, ಹೂಂ ಅನ್ನೋಕೆ ಬಾಯಿ ಯಾಕೆ ಬೇಕು? ಬಟ್ಟೆಯೊಳಗೇ, ಮುಚ್ಚಿದ ತುಟಿಯಲ್ಲೇ ಊರೆಲ್ಲ ಹೂಂಗುಟ್ಟುತ್ತಿತ್ತು. ಆ ಸದ್ದು ಬೆಸುಗೆಯವರೆಗೆ ಬಂದು ಅಲ್ಲೇ ಸಾಯುತ್ತಿತ್ತು. ಬೆಸುಗೆ ಬಿಡಿಸಿ ನೋಡಿದರೆ ಒಳಗೊಂದು ತೊಗಲಿನ ಮುಚ್ಚಳ. ತಿದಿಯಲ್ಲಿ ಇರುವಂಥದ್ದೇ, ಗಾಳಿಯನ್ನು ಒಂದೇ ಕಡೆಗೆ ಬಿಡುವಂಥದ್ದು. ಊರಿನ ಸದ್ದೂ ಮೇಲಕ್ಕೆ ಹೋಗಲಿ ಅಂತ ಹೊನ್ನಾಜಿ ಅದನ್ನು ಕುಯ್ದು ಎಸೆದು ಕೊಳವೆ ಮತ್ತೆ ಕೂಡಿಸಿದಳು.

ಎರಡನೇ ದಿನ ಎರಡನೇ ಬೆಸುಗೆ. ಅದಕ್ಕೆ ಕಣ್ಣಿಲ್ಲದ ಹೆಬ್ಬಾವು ಸುತ್ತಿಕೊಂಡಿತ್ತು. ಹಾವಿಗೆ ಎದೆಬಡಿತ ಕೇಳಿಸುತ್ತಿತ್ತು. ಹೆದರಿದವರ ಎದೆ ಸುಮ್ಮನಿರುತ್ತದೆಯೇ? ಹಾವು ಅವಳ ಕಾಲಿಗೆ ಸುತ್ತಿತು, ಸೊಂಟಕ್ಕೆ ಸುತ್ತಿತು, ಪಕ್ಕೆಲುಬು ನೋಯುವಷ್ಟು ಬಿಗಿಯಿತು. ನಗಾರಿ ಬಡಿಯಿತು. ಮಾಂತ್ರಿಕನ ದನಿಗೆ ಹಾವು ಮಂಕಾಗಿ ಸಡಿಲವಾಯಿತು. ಅದರ ಸುರುಳಿಯೊಳಗೇ ಕೈಯಿಟ್ಟು ಹೊನ್ನಾಜಿ ಎರಡನೇ ಮುಚ್ಚಳ ಕುಯ್ದಳು.

ಮೂರನೇ ದಿನ ಗೋಪುರ. ಗೋಡೆಯುದ್ದಕ್ಕೂ ಮಡಕೆಗಳು, ಒಂದೊಂದರಲ್ಲೂ ಒಂದೊಂದು ಅಳು. ತಾಯಿಯ ದನಿ ಗುರುತು ಹತ್ತಿ ಅವಳು ಸುತ್ತಿಗೆ ಎತ್ತಿ ಹೊಡೆದಳು. ಸುತ್ತಿಗೆಯೇ ಪುಡಿಯಾಯಿತು.

"ಬಾ ಮಗಳೇ," ಅಂದ ಘೋರಕಂಠ, ಬೆನ್ನ ಹಿಂದೆಯೇ ನಿಂತು. "ಈ ರಾಜ್ಯದಲ್ಲಿ ದನಿ ಒಂದೇ ಇರೋವರೆಗೂ ಆ ಮಡಕೆ ಒಡೆಯಲ್ಲ."

"ಕೆಳಗಿನ ಜನಕ್ಕೂ ಹೇಳೋದಿರುತ್ತೆ, ಸ್ವಾಮಿ."

"ಅವರು ಕೇಳೋಕೆ ಹುಟ್ಟಿದೋರು. ಹೇಳೋಕೆ ಅವರ ಹತ್ರ ಏನಿದೆ?"

ಅವನು ಚಿಟಿಕೆ ಹೊಡೆದ. ಹಕ್ಕಿ ಅವಳ ದನಿಯನ್ನೂ ಕಿತ್ತಿತು. ಮಂಡಿಯವರೆಗೆ ಕಲ್ಲು ಏರಿತು. ಹೊರಗೆ ಹೊತ್ತು ನೆತ್ತಿಗೇರಿತ್ತು. ಅಲ್ಲಿ ಕೆಳಗೆ ತಾಯಿಯ ಎದೆಗೆ ಕಲ್ಲು ಬಂದಿರಬೇಕು. ನಗಾರಿ ಬಡಿಯಿತು. ಮಾಂತ್ರಿಕ ಕತೆ ಹೇಳಲು ಕಣ್ಣು ಮುಚ್ಚಿ ಗಂಟಲು ಸರಿಮಾಡಿಕೊಂಡ. ಹೊನ್ನಾಜಿಗೆ ಹೆಜ್ಜೆ ಕೀಳಲಾಗಲಿಲ್ಲ, ಬಿದ್ದಳು. ಬಿದ್ದಲ್ಲಿಂದಲೇ ಕೈಚಾಚಿ, ಕೊಳವೆಯ ಬಾಯಲ್ಲಿದ್ದ ಕೊನೆಯ ಮುಚ್ಚಳ ಕುಯ್ದಳು.

"ಒಂದೂರಲ್ಲಿ ಒಬ್ಬ ಮಹಾ ಮಾಂತ್ರಿಕ ಇದ್ದ," ಅಂದ ಘೋರಕಂಠ.

"ಹೂಂ," ಅಂದಿತು ಕೊಳವೆ.

ಅವನು ಬೆಚ್ಚಿ ಕಣ್ಣು ಬಿಟ್ಟ. ಹುಟ್ಟಿದಾಗಿನಿಂದ ಅವನ ಮಾತಿಗೆ ಯಾರೂ ಹೂಂ ಅಂದದ್ದು ಅವನಿಗೆ ಕೇಳಿಸಿರಲಿಲ್ಲ. "ಯಾರದು?" ಅಂದ. ಸಾವಿರ ಮನೆಗಳ ಹೂಂ ಒಟ್ಟಿಗೆ ಬಂತು, ಗೋಪುರ ಅದುರಿತು. ತಮ್ಮ ಸದ್ದು ತಮಗೇ ತಿರುಗಿ ಕೇಳಿಸಿ ಜನ ಬಟ್ಟೆ ಬಿಚ್ಚಿದರು. ಒಂದು ಮಗು ಕೇಳಿತು, "ಆಮೇಲೆ?" ಇನ್ನೊಬ್ಬಳು ಅಂದಳು, "ಇದನ್ನ ಮೊನ್ನೆಯೂ ಹೇಳಿದ್ದೆಯಲ್ಲೋ. ಬೇರೆ ಬರಲ್ವಾ ನಿನಗೆ?"

ಬರುತ್ತಿರಲಿಲ್ಲ. ಉತ್ತರ ಹುಡುಕುತ್ತಾ ಅವನ ದನಿಯೇ ಹೋಯಿತು; ದನಿ ಹೋದವರ ಗತಿಯೇ ಅವನಿಗೂ ಬಂದು, ತೆರೆದ ಬಾಯಿ ತೆರೆದ ಹಾಗೇ, ಘೋರಕಂಠ ಅಡಿಯಿಂದ ಮುಡಿಯವರೆಗೆ ಕಲ್ಲಾದ. ಮಡಕೆಗಳು ಪಟಪಟನೆ ಒಡೆದವು. ದನಿಗಳು ಯಾರು ಯಾರವೋ ಅವರವರ ಗಂಟಲಿಗೆ ಹಾರಿದವು. ಹಳೆಯ ಕಲ್ಲುಗಳೆಲ್ಲ ಮನುಷ್ಯರಾಗಿ ಮೈಮುರಿದವು. ಹೊನ್ನಾಜಿ ಬಿದ್ದು ಎದ್ದು ಓಡಿ ಮನೆ ಸೇರಿದಾಗ ಎಲ್ಲವ್ವ ಕುತ್ತಿಗೆಯ ಕಲ್ಲಿನ ಚೂರು ಕೆರೆದುಕೊಳ್ಳುತ್ತಿದ್ದಳು. ತಾಯಿ ಮಗಳು ತಬ್ಬಿಕೊಂಡು ಮನಸಾರೆ ಅತ್ತರು.

ಮರುದಿನ ಮಧ್ಯಾಹ್ನ ಎಲ್ಲರೂ ಕೊಳವೆಯ ಮುಂದೆ ಕೂತರು. ಯಾರೂ ತುಟಿ ಬಿಚ್ಚಲಿಲ್ಲ. ಮಾಂತ್ರಿಕ ಹೋದರೂ ಭಯ ಅಷ್ಟು ಬೇಗ ಹೋಗುತ್ತದೆಯೇ? ಕೊನೆಗೆ ಎಲ್ಲವ್ವ ಹಾಡಿದಳು. ದನಿ ಒಡೆದಿತ್ತು, ನಡುವೆ ತೊದಲಿತು, ನಿಂತಿತು. ಹಕ್ಕಿ ಬಂತೇನೋ ಅಂತ ಹೊನ್ನಾಜಿ ಆಕಾಶ ನೋಡಿದಳು. ಬರಲಿಲ್ಲ.

ಯಾವುದೋ ದೂರದ ಮನೆಯಿಂದ ಗುರುತಿಲ್ಲದ ಮುದುಕನೊಬ್ಬನ ದನಿ ಬಂತು. "ಆ ಸಾಲು ಹಾಗಲ್ಲ ತಾಯಿ. ನಮ್ಮ ಕಡೆ ಹೀಗೆ ಹಾಡ್ತೀವಿ." ಅವನು ಹಾಡಿದ. ಅವನದೂ ತಪ್ಪು ಅಂತ ಮತ್ತೊಬ್ಬಳು ಹಾಡಿದಳು. ಹೊತ್ತು ಮುಳುಗುವ ಹೊತ್ತಿಗೆ ಸಾವಿರ ಮನೆಯವರೂ ಹಾಡುತ್ತಾ, ವಾದ ಮಾಡುತ್ತಾ ಇದ್ದರು. ಆಮೇಲೆ ಎಷ್ಟೋ ಕಾಲ ಹಾಗೇ ಸುಖವಾಗಿದ್ದರಂತೆ.

ಎಲ್ಲವ್ವ ಮಾತ್ರ ಅವತ್ತು ಊಟಕ್ಕೂ ಏಳಲಿಲ್ಲ. "ಇರು, ಆ ಅಜ್ಜನಿಗೆ ಉತ್ತರ ಕೊಟ್ಟು ಬರ್ತೀನಿ," ಅಂತ ಕೊಳವೆಯ ಹತ್ತಿರ ಇನ್ನಷ್ಟು ಸರಿದು ಕೂತಳು.